ಹೈಂಡ್ಸ್: ಮ್ಯಾಡ್ರಿಡ್‌ನ ಇಬ್ಬರು ಗೆಳತಿಯರ ಬ್ಯಾಂಡ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಈ ಬ್ಯಾಂಡಿನ ಹಾಡನ್ನು ಯಾರಿಗೆ ಕೇಳಿಸಿದರೂ ಹೆಚ್ಚುಕಡಿಮೆ ಇವೇ ಪ್ರಶ್ನೆಗಳು ಬರುತ್ತವೆ. ಒಬ್ಬೊಬ್ಬರಿಗೂ ವಾಟ್ಸಾಪ್‌ನಲ್ಲಿ ಉದ್ದುದ್ದ ಉತ್ತರ ಬರೆದದ್ದನ್ನು ಈಗ ಒಂದೇ ಕಡೆ ಸೇರಿಸಿದ್ದೇನೆ. ಇಂಗ್ಲಿಷ್ ರಾಕ್ ಕೇಳಿ ಅಭ್ಯಾಸ ಇಲ್ಲದವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಗೊತ್ತಿರುವ ಭಾಗ ಬಂದರೆ ದಾಟಿಕೊಂಡು ಮುಂದೆ ಹೋಗಿ.

ಹೈಂಡ್ಸ್ ಅಂದರೆ ಯಾರು?

ಸ್ಪೇನಿನ ರಾಜಧಾನಿ ಮ್ಯಾಡ್ರಿಡ್‌ನ ಒಂದು ಇಂಡಿ ಬ್ಯಾಂಡ್, ಅಂದರೆ ದೊಡ್ಡ ರೆಕಾರ್ಡ್ ಕಂಪನಿಗಳ ಹಂಗಿಲ್ಲದ ಬ್ಯಾಂಡ್. ಇವರ ಸಂಗೀತಕ್ಕೆ ಗರಾಜ್ ಪಾಪ್ ಎನ್ನುತ್ತಾರೆ. ಕಾರ್ಲೊಟಾ ಕೊಸಿಯಾಲ್ಸ್ ಮತ್ತು ಆನಾ ಪೆರ್ರೋಟೆ ಎಂಬ ಇಬ್ಬರು ಗೆಳತಿಯರು 2011ರಲ್ಲಿ ಶುರು ಮಾಡಿದ್ದು. ಇಬ್ಬರೂ ಹಾಡುತ್ತಾರೆ, ಇಬ್ಬರೂ ಗಿಟಾರ್ ನುಡಿಸುತ್ತಾರೆ. ಮುಂದೆ ಬೇಸ್ ಗಿಟಾರಿಗೆ ಆದೆ ಮಾರ್ಟಿನ್, ಡ್ರಮ್ಸ್‌ಗೆ ಆಂಬರ್ ಗ್ರಿಂಬರ್ಗೆನ್ ಸೇರಿ ನಾಲ್ವರಾದರು. ಮೊದಲ ಮೂರು ಆಲ್ಬಮ್‌ಗಳು ಈ ನಾಲ್ವರದ್ದು. 2024ರಲ್ಲಿ ಬಂದ ನಾಲ್ಕನೆಯದಕ್ಕೆ ಮತ್ತೆ ಉಳಿದದ್ದು ಮೊದಲಿನ ಇಬ್ಬರೇ. ಆ ಕಥೆ ಕೆಳಗಿದೆ.

ಆ ಹೆಸರಿನ ಅರ್ಥ ಏನು? ಹೇಗೆ ಉಚ್ಚರಿಸಬೇಕು?

ಹೈಂಡ್ ಎಂದರೆ ಇಂಗ್ಲಿಷಿನಲ್ಲಿ ಹೆಣ್ಣು ಜಿಂಕೆ. ಮೊದಲು ಇವರು ಇಟ್ಟುಕೊಂಡಿದ್ದ ಹೆಸರು 'ಡಿಯರ್ಸ್', ಅಂದರೆ ಜಿಂಕೆಗಳು. ಇಂಗ್ಲಿಷಿನಲ್ಲಿ ಒಂದು ಜಿಂಕೆಯೂ ಡಿಯರ್, ನೂರು ಜಿಂಕೆಯೂ ಡಿಯರ್. ಬಹುವಚನಕ್ಕೆ 'ಸ್' ಸೇರಿಸುವುದಿಲ್ಲ. ಇವರು ಸೇರಿಸಿದ್ದರು. ಕೆನಡಾದ ಮಾಂಟ್ರಿಯಲ್‌ನಲ್ಲಿ 'ದಿ ಡಿಯರ್ಸ್' ಎಂಬ ಹಳೆಯ ಬ್ಯಾಂಡ್ ಒಂದಿದೆ. ಅವರ ಕಾಗುಣಿತ ಬೇರೆ, 'ಪ್ರಿಯರು' ಎಂಬ ಅರ್ಥದ್ದು, ಆದರೆ ಕಿವಿಗೆ ಎರಡೂ ಒಂದೇ. ಆ ಕಡೆಯಿಂದ ಕಾನೂನು ಕ್ರಮದ ಎಚ್ಚರಿಕೆ ಬಂದಿದ್ದರಿಂದ 2015ರ ಆರಂಭದಲ್ಲಿ ಇವರು ಹೆಸರು ಬದಲಾಯಿಸಿದರು. ಹೆಸರು ಹೋದರೂ ಜಿಂಕೆ ಹೋಗಲಿಲ್ಲ. ಬರೀ ಜಿಂಕೆ ಇದ್ದದ್ದು ಹೆಣ್ಣು ಜಿಂಕೆ ಆಯಿತು. ಈ ಬದಲಾವಣೆ ನನಗೆ ಮೊದಲಿನ ಹೆಸರಿಗಿಂತ ಹೆಚ್ಚು ಇಷ್ಟ.

ನಮ್ಮವರು ಕೆಲವರು ಇದನ್ನು 'ಹಿಂಡ್ಸ್' ಎಂದು ಓದುತ್ತಾರೆ. ಸರಿಯಾದದ್ದು 'ಹೈಂಡ್ಸ್'. ಆದರೂ ಜಿಂಕೆಯ ಹೆಸರನ್ನು ತಪ್ಪಾಗಿ ಓದಿದಾಗ ಕನ್ನಡದ 'ಹಿಂಡು' ಸಿಗುವುದು ನನಗೆ ಖುಷಿ ಕೊಡುತ್ತದೆ. ಇವರ ಹಾಡುಗಳಲ್ಲಿ ಯಾರೂ ಒಂಟಿಯಾಗಿ ಓಡುವುದಿಲ್ಲ.

ಗರಾಜ್ ಪಾಪ್ ಅಂದರೆ ಎಂಥದ್ದು?

ಗರಾಜ್ ಎಂದರೆ ಕಾರು ನಿಲ್ಲಿಸುವ ಜಾಗ. 1960ರ ದಶಕದಲ್ಲಿ ಅಮೆರಿಕದ ಊರೂರಲ್ಲಿ ಹೈಸ್ಕೂಲ್ ಹುಡುಗರು ಮನೆಯ ಗರಾಜಿನಲ್ಲಿ ಗಿಟಾರ್, ಡ್ರಮ್ಸ್ ಹಾಕಿಕೊಂಡು ಬಾರಿಸುತ್ತಿದ್ದರು. ದುಬಾರಿ ಸ್ಟುಡಿಯೋ ಇಲ್ಲ, ಪಾಠ ಹೇಳಿಕೊಟ್ಟವರಿಲ್ಲ, ಮೂರು ಕಾರ್ಡ್ (ಒಟ್ಟಿಗೆ ಬಾರಿಸುವ ಸ್ವರಗಳ ಗುಂಪು) ಬಂದರೆ ಹಾಡು ಸಿದ್ಧ. 1963ರಲ್ಲಿ ಪೋರ್ಟ್‌ಲ್ಯಾಂಡ್‌ನ ಕಿಂಗ್ಸ್‌ಮೆನ್ ಎಂಬ ಹುಡುಗರು 'ಲೂಯಿ ಲೂಯಿ' ರೆಕಾರ್ಡ್ ಮಾಡಿದಾಗ ಹಾಡಿನ ಮಾತು ಎಷ್ಟು ಅಸ್ಪಷ್ಟವಾಗಿತ್ತೆಂದರೆ, ಅಶ್ಲೀಲ ಇರಬಹುದೆಂದು ಅನುಮಾನ ಹುಟ್ಟಿ ಎಫ್‌ಬಿಐ ತನಿಖೆಯೇ ನಡೆಯಿತು. ಯಾವ ವೇಗದಲ್ಲಿ ತಿರುಗಿಸಿ ಕೇಳಿದರೂ ಮಾತು ಅರ್ಥವಾಗುವುದಿಲ್ಲ ಎಂದು ಕೊನೆಗೆ ಕೈಬಿಟ್ಟರು. 1972ರಲ್ಲಿ ಗಿಟಾರ್ ವಾದಕ ಲೆನ್ನಿ ಕೇ ಅಂಥ ಮರೆತುಹೋದ ಹಾಡುಗಳನ್ನು ಆರಿಸಿ 'ನಗೆಟ್ಸ್' ಎಂಬ ಸಂಗ್ರಹ ತಂದ ಮೇಲೆ ಮುಂದಿನ ತಲೆಮಾರು ಈ ಸದ್ದನ್ನು ಹುಡುಕಿ ಹುಡುಕಿ ಕೇಳತೊಡಗಿತು.

ಇದಕ್ಕೆ 'ಪಾಪ್' ಎಲ್ಲಿಂದ ಸೇರಿತು ಎಂದರೆ, ಅದೇ ಕಾಲದ ಹುಡುಗಿಯರ ಹಾಡು ತಂಡಗಳಿಂದ. ರೊನೆಟ್ಸ್, ಶಾಂಗ್ರಿ-ಲಾಸ್ ಮುಂತಾದವರ ಹಾಡುಗಳಲ್ಲಿ ಒಬ್ಬಳು ಪ್ರೇಮದ ಸುದ್ದಿ ಹೇಳಿದರೆ ಉಳಿದವರು ಹೂಂಗುಟ್ಟುತ್ತಾರೆ, ಪ್ರಶ್ನೆ ಕೇಳುತ್ತಾರೆ. ಗರಾಜಿನ ಒರಟು ಗಿಟಾರಿನ ಮೇಲೆ ಈ ಗೆಳತಿಯರ ಮಾತುಕತೆ ಕೂರಿಸಿದರೆ ಏನು ಸಿಗುತ್ತದೋ ಅದು ಗರಾಜ್ ಪಾಪ್.

ಗಿಟಾರ್ ಯಾಕೆ ಹಾಗೆ ಗರಗರ ಅನ್ನುತ್ತದೆ? ರೆಕಾರ್ಡಿಂಗ್ ಸರಿ ಇಲ್ಲವಾ?

ಬೇಕೆಂದೇ ಹಾಗೆ ಮಾಡುತ್ತಾರೆ. ಗಿಟಾರಿನ ಸದ್ದು ದೊಡ್ಡದು ಮಾಡುವ ಆಂಪ್ಲಿಫೈಯರ್ (ಚಿಕ್ಕದಾಗಿ ಆಂಪ್) ಇಷ್ಟು ಅಂತ ಸಿಗ್ನಲ್ ತಡೆದುಕೊಳ್ಳುತ್ತದೆ. ಅದರ ಮೇಲೂ ಒತ್ತಿದರೆ ಅಲೆಯ ನೆತ್ತಿ ಕತ್ತರಿಸಿಹೋಗುತ್ತದೆ. ಹಾಗೆ ಚಪ್ಪಟೆಯಾದ ಅಲೆಯಲ್ಲಿ ಮೂಲ ಸ್ವರದ ಜೊತೆಗೆ ಮೊದಲು ಇರದ ಉಪಸ್ವರಗಳು ಹುಟ್ಟಿಕೊಳ್ಳುತ್ತವೆ. ನಮಗೆ ಗರಗರ ಎನಿಸುವುದು ಅದೇ. ಹಳೆ ವಾಲ್ವ್ ಆಂಪ್‌ಗಳಲ್ಲಿ ಈ ಕತ್ತರಿ ಮೆಲ್ಲಗೆ ಬೀಳುವುದರಿಂದ ಸದ್ದು ಬೆಚ್ಚಗಿರುತ್ತದೆ. ಗುಂಯ್ ಎನ್ನುವ ಪ್ರತಿಧ್ವನಿಗೆ ಅನೇಕ ಆಂಪ್‌ಗಳ ಒಳಗೆ ಲೋಹದ ಸ್ಪ್ರಿಂಗ್‌ಗಳೇ ಇರುತ್ತವೆ. ಸದ್ದು ಆ ಸ್ಪ್ರಿಂಗ್‌ನಲ್ಲಿ ಹೋಗಿ ಬಂದು ನಡುಗುತ್ತದೆ. ಆಂಪ್ ಅನ್ನು ಸ್ವಲ್ಪ ತಳ್ಳಿದರೆ ಒಳಗೆ ತಗಡು ಉದುರಿದಂತೆ ಸದ್ದಾಗುತ್ತದಲ್ಲ, ಅದು ಆ ಸ್ಪ್ರಿಂಗ್.

ಹೈಂಡ್ಸ್‌ನ ಎರಡನೇ ಆಲ್ಬಮ್ಮಿಗೆ ಇವರ ಜೊತೆ ಕೂತು ಕೆಲಸ ಮಾಡಿದ ಗಾರ್ಡನ್ ರಫಾಯೆಲ್, 2001ರಲ್ಲಿ ನ್ಯೂಯಾರ್ಕಿನ 'ದಿ ಸ್ಟ್ರೋಕ್ಸ್' ಬ್ಯಾಂಡಿನ ಮೊದಲ ಆಲ್ಬಮ್ ನಿರ್ಮಿಸಿದವರು. ಅಲ್ಲಿ ಗಾಯಕನ ದನಿಯನ್ನು ಪುಟ್ಟ ಪ್ರಾಕ್ಟೀಸ್ ಆಂಪ್ ಒಂದರ ಮೂಲಕ ಹಾಯಿಸಿ ರೆಕಾರ್ಡ್ ಮಾಡಿದ್ದರು. ಟೆಲಿಫೋನಿನ ಆ ಕಡೆಯಿಂದ ಯಾರೋ ಹಾಡಿದಂತಿದೆ ಅದು. ಸದ್ದನ್ನು ಎಷ್ಟು ತೊಳೆಯಬೇಕು, ಎಷ್ಟು ಕೊಳೆ ಉಳಿಸಬೇಕು ಎಂಬುದು ಈ ಸಂಗೀತದಲ್ಲಿ ಅಡುಗೆಗೆ ಉಪ್ಪು ಹಾಕಿದಷ್ಟೇ ಎಚ್ಚರದ ಕೆಲಸ.

ಇಬ್ಬರು ಹಾಡುವುದರಲ್ಲಿ ಅಂಥ ವಿಶೇಷ ಏನು? ಎಷ್ಟೋ ಬ್ಯಾಂಡ್‌ಗಳಲ್ಲಿ ಇಬ್ಬರು ಹಾಡುತ್ತಾರಲ್ಲ?

ನನ್ನ ಪ್ರಕಾರ ಈ ಬ್ಯಾಂಡಿನ ಜೀವ ಇರುವುದೇ ಇಲ್ಲಿ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಸಾಮಾನ್ಯವಾಗಿ ಒಬ್ಬರು ಮುಖ್ಯ ಗಾಯಕರು, ಇನ್ನೊಬ್ಬರು ಹಿಂದಿನಿಂದ ದನಿ ಸೇರಿಸುವವರು. ಎರಡು ದನಿಗೆ ಬೇರೆ ಬೇರೆ ಸ್ವರ ಹಂಚಿ, ಒಬ್ಬರು ಸ ರಿ ಗ ಹಿಡಿದರೆ ಇನ್ನೊಬ್ಬರು ಅದರ ಮೇಲೆ ಗ ಮ ಪ ಹಿಡಿದು, ಸಮಾನಾಂತರವಾಗಿ ಸಾಗುವುದು ಪಾಶ್ಚಾತ್ಯ ಹಾಡುಗಳಲ್ಲಿ ಬಹಳ ಕಾಲದಿಂದ ಇರುವ ದಾರಿ. ಕೇಳಲು ಇಂಪು, ಜೋಡಿ ರೈಲು ಹಳಿ ಇದ್ದಂತೆ. ಹೈಂಡ್ಸ್ ಹಾಗೆ ಹಾಡುವುದು ಕಡಿಮೆ. ಇವರಲ್ಲಿ ಒಬ್ಬಳು ಸಾಲು ಶುರು ಮಾಡುತ್ತಾಳೆ, ಮುಗಿಯುವ ಮುಂಚೆಯೇ ಇನ್ನೊಬ್ಬಳು ನುಗ್ಗುತ್ತಾಳೆ. ಒಮ್ಮೆ ಇಬ್ಬರೂ ಒಂದೇ ಸ್ವರದಲ್ಲಿ ಕೂಗುತ್ತಾರೆ, ಮರುಕ್ಷಣ ಒಬ್ಬಳ ದನಿ ಒಡೆಯುತ್ತದೆ, ಇನ್ನೊಬ್ಬಳು ಅದನ್ನು ಎತ್ತಿಕೊಳ್ಳುತ್ತಾಳೆ. ತಾಳವೂ ಅಷ್ಟೇ. ಹಾಡಿನ ನಡುವೆ ವೇಗ ಇಳಿಯುತ್ತದೆ, ತೂರಾಡುತ್ತದೆ, ಮತ್ತೆ ಓಡುತ್ತದೆ. ಇಬ್ಬರು ಗೆಳತಿಯರು ಒಂದೇ ಘಟನೆಯನ್ನು ಮೂರನೆಯವರಿಗೆ ಹೇಳುವಾಗ ಹೇಗೆ ಹೇಳುತ್ತಾರೆ ನೆನಪಿಸಿಕೊಳ್ಳಿ. 'ಅವನು ಬಂದ...' 'ಬಂದದ್ದಲ್ಲ, ಮೊದಲು ಫೋನ್ ಮಾಡಿದ...' 'ಹಾಂ ಫೋನ್ ಮಾಡಿದ, ಆಮೇಲೆ...' ಆ ಮಾತಿಗೆ ಗಿಟಾರ್ ಸೇರಿಸಿದ ಹಾಗಿರುತ್ತದೆ ಇವರ ಹಾಡು.

ಮೊದಲ ಸಲ ಕೇಳಿದಾಗ ನನಗೆ ನೆನಪಾದದ್ದು ನಮ್ಮಜ್ಜಿಯ ಮನೆಯ ಬೀಸುಕಲ್ಲು. ಅಜ್ಜಿಯೂ ಪಕ್ಕದ ಮನೆಯ ಅವರ ಗೆಳತಿಯೂ ಎದುರುಬದುರು ಕೂತು ಒಂದೇ ಗೂಟ ಹಿಡಿದು ಜೋಳ ಬೀಸುತ್ತಿದ್ದರು. ಬಾಯಲ್ಲಿ ಬೀಸುವ ಪದ. ಒಬ್ಬರಿಗೆ ಉಸಿರು ಕಟ್ಟಿದಲ್ಲಿ ಇನ್ನೊಬ್ಬರು ಸಾಲು ಹಿಡಿಯುತ್ತಿದ್ದರು, ಕಾಳು ಹಾಕುವ ಕೈ ಬದಲಾದ ಹಾಗೆ ದನಿಯೂ ಬದಲಾಗುತ್ತಿತ್ತು. ಕಲ್ಲು ಮಾತ್ರ ನಿಲ್ಲುತ್ತಿರಲಿಲ್ಲ. ಕಲ್ಲು ಭಾರವಾದಾಗ ಪದವೂ ನಿಧಾನ, ಹಗುರಾದಾಗ ಪದಕ್ಕೂ ಓಟ. ಅಲ್ಲಿ ಯಾರದ್ದು ಮುಖ್ಯ ದನಿ ಎಂದು ಯಾರೂ ಕೇಳಲಿಲ್ಲ. ಮ್ಯಾಡ್ರಿಡ್‌ನ ಇವರಿಗೂ ಆ ಕಲ್ಲಿಗೂ ಯಾವ ಸಂಬಂಧವೂ ಇಲ್ಲ, ನನಗೆ ಗೊತ್ತು. ಆದರೆ ಇಬ್ಬರು ಹೆಂಗಸರು ಒಂದೇ ಉಸಿರನ್ನು ಹಂಚಿಕೊಂಡು ಹಾಡುವುದನ್ನು ನನ್ನ ಕಿವಿ ಮೊದಲೇ ಬಲ್ಲದ್ದಾಗಿತ್ತು. ಅದಕ್ಕೇ ಈ ಹಾಡುಗಳು ನನಗೆ ಒಂದು ದಿನವೂ ಪರಕೀಯ ಅನಿಸಲಿಲ್ಲ.

ಇಬ್ಬರ ದನಿಯಲ್ಲಿ ಯಾವುದು ಯಾರದು ಎಂದು ಗುರುತಿಸುವುದು ಹೇಗೆ?

ಶುರುವಿನಲ್ಲಿ ಗುರುತಾಗುವುದಿಲ್ಲ. ವೇದಿಕೆಯ ಮೇಲಿನ ವಿಡಿಯೋ ಒಂದೆರಡು ನೋಡಿ ಬಾಯಿಯ ಮೇಲೆ ಕಣ್ಣಿಟ್ಟರೆ ಬೇಗ ಗೊತ್ತಾಗುತ್ತದೆ.

ಇವರು ಮೊದಲಿಂದಲೂ ಸಂಗೀತಗಾರರೇ?

ಅಲ್ಲ. ಇಬ್ಬರ ಪರಿಚಯವಾದದ್ದು ಆಗಿನ ಅವರ ಬಾಯ್‌ಫ್ರೆಂಡ್‌ಗಳ ಮೂಲಕ. ಅವರು ಬ್ಯಾಂಡ್‌ನಲ್ಲಿದ್ದರು. ಹುಡುಗರು ವೇದಿಕೆ ಮೇಲೆ, ಇವರು ಕೆಳಗೆ. ಇಪ್ಪತ್ತರ ಆಸುಪಾಸಿನಲ್ಲಿ ಗಿಟಾರ್ ಕೈಗೆತ್ತಿಕೊಂಡು ಬೇರೆಯವರ ಹಾಡುಗಳನ್ನು ನುಡಿಸಲು ಶುರು ಮಾಡಿದರು. ಆ ಮೊದಲ ಪ್ರಯತ್ನ ಹೆಚ್ಚು ದೂರ ಹೋಗಲಿಲ್ಲ, ನಡುವೆ ನಿಂತುಹೋಯಿತು. ಮತ್ತೆ ಕೂತು ಸ್ವಂತ ಹಾಡು ಬರೆದರು. 2014ರಲ್ಲಿ ಎರಡೇ ಹಾಡುಗಳ ಡೆಮೊ (ಮಾದರಿ ರೆಕಾರ್ಡಿಂಗ್) ಒಂದನ್ನು ಸಂಗೀತಗಾರರ ವೆಬ್‌ಸೈಟಾದ ಬ್ಯಾಂಡ್‌ಕ್ಯಾಂಪ್‌ಗೆ ಹಾಕಿದರು, 'ಬ್ಯಾಂಬೂ' ಮತ್ತು 'ಟ್ರಿಪ್ಪಿ ಗಮ್'. ಬ್ರಿಟನ್ನಿನ ಸಂಗೀತ ಪತ್ರಿಕೆಗಳ ಕಣ್ಣಿಗೆ ಅದು ಬಿತ್ತು. ನಾಲ್ವರ ಬ್ಯಾಂಡಾಗಿ ಬೆಳೆದರು, 2015ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ನುಡಿಸಿದರು. ಒಂದು ಆಲ್ಬಮ್ಮೂ ಬರುವ ಮುಂಚೆ, ಬಿಡಿಬಿಡಿಯಾಗಿ ತಂದಿದ್ದ ಹಳೆ ಸಿಂಗಲ್‌ಗಳನ್ನು ಸೇರಿಸಿ 'ಇಲ್ಲಿಯವರೆಗಿನ ಹೈಂಡ್ಸ್‌ನ ಅತ್ಯುತ್ತಮ ಹಾಡುಗಳು' ಎಂಬರ್ಥದ ಹೆಸರಿನಲ್ಲಿ ಒಂದು ಸಂಗ್ರಹ ತಂದರು. ಆ ಹುಮ್ಮಸ್ಸು ನೋಡಿ!

ಅವರ ಆಲ್ಬಮ್‌ಗಳು ಯಾವುವು? ಒಂದಕ್ಕೊಂದು ವ್ಯತ್ಯಾಸ ಏನು?

ಮೊದಲನೆಯದು 'ಲೀವ್ ಮಿ ಅಲೋನ್', 2016ರ ಜನವರಿ. ಮ್ಯಾಡ್ರಿಡ್‌ನ 'ದಿ ಪ್ಯಾರಟ್ಸ್' ಎಂಬ ಗರಾಜ್ ಬ್ಯಾಂಡಿನ ಡಿಯೆಗೊ ಗಾರ್ಸಿಯಾ ಇದರ ನಿರ್ಮಾಪಕ. ತೀರಾ ಹಸಿ ಸದ್ದು. ಕೋಣೆಯಲ್ಲಿ ನಾವೂ ಒಂದು ಮೂಲೆಯಲ್ಲಿ ಕೂತಿದ್ದೇವೆ ಅನಿಸುತ್ತದೆ. ನಡುವೆ ಮಾತೇ ಇಲ್ಲದ ಒಂದು ಗಿಟಾರ್ ತುಣುಕು ಇದೆ, 'ಸೋಲಾರ್ ಗ್ಯಾಪ್'. ಅಷ್ಟು ಗದ್ದಲದ ಹುಡುಗಿಯರು ಅಲ್ಲಿ ಸುಮ್ಮನೆ ಕೂರುತ್ತಾರೆ. ಸಂಜೆ ಐದೂವರೆಯ ಬಿಸಿಲಿನಲ್ಲಿ ಕೇಳಬೇಕಾದದ್ದು.

ಎರಡನೆಯದು 'ಐ ಡೋಂಟ್ ರನ್', 2018ರ ಏಪ್ರಿಲ್. ಗಿಟಾರ್‌ಗಳು ಬಿಗಿಯಾಗಿವೆ, ಡ್ರಮ್ಸ್ ನೇರ ಹೊಡೆಯುತ್ತದೆ. ಊರೂರು ಸುತ್ತಿ ಸುತ್ತಿ ಕೈ ಪಳಗಿದ್ದು ಕೇಳಿಸುತ್ತದೆ.

ಮೂರನೆಯದು 'ದಿ ಪ್ರೆಟಿಯೆಸ್ಟ್ ಕರ್ಸ್', ನಿರ್ಮಾಪಕಿ ಜೆನ್ ಡೆಸಿಲ್ವಿಯೊ. ಕೀಬೋರ್ಡ್‌ಗಳು ಬಂದವು, ಸದ್ದಿಗೆ ಬಣ್ಣ ಬಂತು, ಸ್ಪ್ಯಾನಿಷ್ ಸಾಲುಗಳು ಬಂದವು. 2020ರ ಏಪ್ರಿಲ್ 3ಕ್ಕೆ ಬರಬೇಕಿತ್ತು. ಮಾರ್ಚ್ 14ರಂದು ಸ್ಪೇನಿನಲ್ಲಿ ಕೋವಿಡ್ ತುರ್ತು ಸ್ಥಿತಿ ಘೋಷಣೆಯಾಯಿತು, ಜನ ಮನೆಯಲ್ಲಿ ಬಂದಿಯಾದರು. ಆಲ್ಬಮ್ ಜೂನ್ 5ಕ್ಕೆ ಹೋಯಿತು. ಅದನ್ನು ಹೊತ್ತು ಊರೂರು ಹೋಗುವ ಅವಕಾಶ ಮುಚ್ಚಿತ್ತು. ವೇದಿಕೆಯ ಮೇಲೆ ಬದುಕುವ ಬ್ಯಾಂಡಿಗೆ ಇದು ಎಂಥ ಹೊಡೆತ ಎಂದು ಊಹಿಸಿ. ಇವರ ಆಲ್ಬಮ್‌ಗಳಲ್ಲಿ ಅನ್ಯಾಯಕ್ಕೆ ಒಳಗಾದದ್ದು ಇದೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹಾಡುಗಳು ಚೆನ್ನಾಗಿದ್ದವು, ಕಾಲ ಚೆನ್ನಾಗಿರಲಿಲ್ಲ.

ನಾಲ್ಕನೆಯದು 'ವಿವಾ ಹೈಂಡ್ಸ್', 2024ರ ಸೆಪ್ಟೆಂಬರ್ 6. ಹತ್ತು ಹಾಡು. 'ದಿ ವ್ಯಾಕ್ಸೀನ್ಸ್' ಬ್ಯಾಂಡಿನ ಹಿಂದಿನ ಡ್ರಮ್ಮರ್ ಪೀಟ್ ರಾಬರ್ಟ್‌ಸನ್ ನಿರ್ಮಾಣ, ಫ್ರಾನ್ಸಿನ ಹಳ್ಳಿಗಾಡಿನಲ್ಲಿ ರೆಕಾರ್ಡಿಂಗ್. ಒಂದು ಹಾಡಿಗೆ ಅಮೆರಿಕದ ಗಾಯಕ ಬೆಕ್ ದನಿ ಸೇರಿಸಿದ್ದಾರೆ, ಇನ್ನೊಂದಕ್ಕೆ ಐರ್ಲೆಂಡಿನ 'ಫಾಂಟೇನ್ಸ್ ಡಿ.ಸಿ.' ಬ್ಯಾಂಡಿನ ಗ್ರಿಯನ್ ಚಾಟನ್.

ನಾಲ್ವರಿದ್ದವರು ಇಬ್ಬರಾದದ್ದು ಯಾಕೆ?

ಮೂರನೇ ಆಲ್ಬಮ್ಮಿನ ನಂತರ ಆದೆ ಮತ್ತು ಆಂಬರ್ ಬ್ಯಾಂಡ್ ಬಿಟ್ಟರು. ಅದೇ ಆಸುಪಾಸಿನಲ್ಲಿ ಮ್ಯಾನೇಜ್‌ಮೆಂಟ್ ಕೈಬಿಟ್ಟಿತ್ತು, ರೆಕಾರ್ಡ್ ಒಪ್ಪಂದ ಇರಲಿಲ್ಲ, ಕೋವಿಡ್ ತಿಂದ ವರ್ಷಗಳ ಹಣದ ಮುಗ್ಗಟ್ಟು ಬೇರೆ. ಬ್ಯಾಂಡ್ ಮುಗಿಯಿತು ಅನ್ನಲು ಇದಕ್ಕಿಂತ ಹೆಚ್ಚು ಕಾರಣ ಬೇಕಿಲ್ಲ.

ಹಾಗೆ ಮುಗಿಯದೆ ಇದ್ದದ್ದು ಕಾರ್ಲೊಟಾ, ಆನಾ ಇಬ್ಬರೂ 2011ರಲ್ಲಿ ಎಲ್ಲಿದ್ದರೋ ಅಲ್ಲಿಗೇ ವಾಪಸು ಹೋಗಿ ಕೂತಿದ್ದರಿಂದ: ಎರಡು ಗಿಟಾರ್, ಎರಡು ದನಿ. 2023ರ ಡಿಸೆಂಬರಿನಲ್ಲಿ 'ಕಾಫಿ' ಎಂಬ ಹಾಡು ಬಂತು. ಕೇಳಿದ ತಕ್ಷಣ ನಾನು ಕಾಯುತ್ತಿದ್ದದ್ದು ಒಂದೇ ವಿಷಯಕ್ಕೆ, ಆ ಎರಡನೇ ದನಿ ನುಗ್ಗುತ್ತದೋ ಇಲ್ಲವೋ ಎಂದು. ನುಗ್ಗಿತು. ಮುಂದಿನ ವರ್ಷದ ಆಲ್ಬಮ್ಮಿಗೆ 'ವಿವಾ', ಅಂದರೆ 'ಬಾಳಲಿ', ಎಂದು ಹೆಸರಿಟ್ಟರು. ಅಷ್ಟೆಲ್ಲ ಕಳೆದುಕೊಂಡವರು ತಮಗೆ ತಾವೇ ಜೈಕಾರ ಹಾಕಿಕೊಂಡದ್ದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ವೇದಿಕೆಗೆ ಈಗ ಹೊಸ ಬೇಸ್, ಹೊಸ ಡ್ರಮ್ಸ್ ಇವೆ. ಆ ಜಾಗಗಳಿಗೂ ಹೆಣ್ಣುಮಕ್ಕಳೇ ಬಂದಿದ್ದಾರೆ.

ಸ್ಪೇನಿನವರು ಇಂಗ್ಲಿಷಿನಲ್ಲಿ ಯಾಕೆ ಹಾಡಬೇಕು?

ಈ ಪ್ರಶ್ನೆಯನ್ನು ಸ್ಪೇನಿನವರೇ ಅವರಿಗೆ ಕೇಳುತ್ತಾ ಬಂದಿದ್ದಾರೆ. ಅವರು ಕೇಳಿ ಬೆಳೆದ ಗರಾಜ್ ಸಂಗೀತವೆಲ್ಲ ಇಂಗ್ಲಿಷಿನದ್ದು, ಹಾಡು ಬಂದದ್ದೂ ಅದರಲ್ಲೇ. ನನಗೆ ಇಷ್ಟವಾಗುವುದು ಅವರು ತಮ್ಮ ಉಚ್ಚಾರವನ್ನು ಲಂಡನ್ನಿನವರಂತೆ ತಿದ್ದಿಕೊಳ್ಳಲು ಹೋಗದೆ ಇದ್ದದ್ದು. 'ರ' ಮ್ಯಾಡ್ರಿಡ್‌ನದ್ದೇ, ಸ್ವರಾಕ್ಷರಗಳು ಅಗಲವಾಗಿಯೇ ಇವೆ. ಇಂಟರ್‌ವ್ಯೂ ಕೋಣೆಯಲ್ಲಿ ಕೂತು ನಮ್ಮ ಇಂಗ್ಲಿಷನ್ನು ನಾವೇ ಮೂರು ಸಲ ತಿದ್ದಿಕೊಳ್ಳುವ ನಮ್ಮಂಥವರಿಗೆ ಅದನ್ನು ಕೇಳುವುದೇ ಒಂದು ಬಲ.

ಸ್ಪ್ಯಾನಿಷ್ ನಿಧಾನವಾಗಿ ಒಳಗೆ ಬಂತು. ಮೂರನೇ ಆಲ್ಬಮ್ಮಿನಲ್ಲಿ ಸಾಲು ಸಾಲಾಗಿ, ನಾಲ್ಕನೆಯದರಲ್ಲಿ 'ಎನ್ ಫೋರ್ಮಾ', 'ಮಾಲಾ ವಿಸ್ತಾ' ಎಂಬ ಪೂರ್ತಿ ಸ್ಪ್ಯಾನಿಷ್ ಹಾಡುಗಳಾಗಿ. ಕೇಳಿ ನೋಡಿ, ಅದೇ ಇಬ್ಬರು ತಾಯ್ನುಡಿಯಲ್ಲಿ ಹಾಡುವಾಗ ಪದಗಳು ಒಂದರ ಮೇಲೊಂದು ಹತ್ತಿ ಬರುತ್ತವೆ, ನಾಲಿಗೆಗೆ ಯೋಚನೆಯ ಹಂಗಿಲ್ಲ.

ಸ್ಪೇನಿನಲ್ಲಿ ಇವರಿಗೆ ಮುಂಚೆ ಇಂಥ ಹೆಣ್ಣುಮಕ್ಕಳು ಇರಲಿಲ್ಲವೇ?

ಇದ್ದರು. ಅವರನ್ನು ಬಿಟ್ಟು ಹೈಂಡ್ಸ್ ಕಥೆ ಹೇಳಿದರೆ ಅರ್ಧ ಹೇಳಿದ ಹಾಗೆ. ಫ್ರಾಂಕೋ ಸರ್ವಾಧಿಕಾರ ಇನ್ನೂ ಇದ್ದ 1971ರಲ್ಲೇ ಕಾರ್ಮೆನ್ ಸಾಂಟೊಂಜಾ, ಗ್ಲೋರಿಯಾ ಫಾನ್ ಆರ್ಸೆನ್ ಎಂಬ ಇಬ್ಬರು ಗೆಳತಿಯರು 'ವೈನಿಕಾ ದೋಬ್ಲೆ' ಎಂಬ ಹೆಸರಿನಲ್ಲಿ ಮೊದಲ ಆಲ್ಬಮ್ ತಂದಿದ್ದರು. ಆ ಹೆಸರು ಒಂದು ಬಗೆಯ ಕಸೂತಿ ಹೊಲಿಗೆಯದ್ದು. ಹೆಣ್ಣುಮಕ್ಕಳಿಗೆ ಕಡ್ಡಾಯವಾಗಿ ಕಲಿಸುತ್ತಿದ್ದ ಕೈಕೆಲಸದ ಹೆಸರನ್ನೇ ತಮ್ಮ ಹಾಡಿನ ಅಂಗಡಿಗೆ ಬೋರ್ಡು ಮಾಡಿಕೊಂಡರು.

1975ರಲ್ಲಿ ಫ್ರಾಂಕೋ ತೀರಿಕೊಂಡ. ಮ್ಯಾಡ್ರಿಡ್‌ನ ಮಲಸಾನ್ಯಾ ಮುಂತಾದ ಬಡಾವಣೆಗಳ ಬಾರ್‌ಗಳಲ್ಲಿ 'ಮೊವಿದಾ' ಎಂಬ ಅಬ್ಬರದ ಕಾಲ ಶುರುವಾಯಿತು. ಆದರೆ ಹೆಣ್ಣಿನ ಬಾಯಿಗೆ ಅಷ್ಟು ಬೇಗ ಬಿಡುಗಡೆ ಸಿಗಲಿಲ್ಲ. 1983ರಲ್ಲಿ ಉತ್ತರ ಸ್ಪೇನಿನ ಬಾಸ್ಕ್ ಸೀಮೆಯ ಲಾಸ್ ವುಲ್ಪೆಸ್ ಎಂಬ ಹುಡುಗಿಯರ ಪಂಕ್ ಬ್ಯಾಂಡ್ ಸರ್ಕಾರಿ ಟಿವಿಯ ಬೆಳಗಿನ ಕಾರ್ಯಕ್ರಮವೊಂದರಲ್ಲಿ ಹೆಣ್ಣಿನ ಬಯಕೆಯನ್ನು ನೇರ ಮಾತಿನಲ್ಲಿ ಹಾಡಿತು. ದೇಶವೇ ಹೊತ್ತಿಕೊಂಡಿತು, ಆ ಕಾರ್ಯಕ್ರಮವನ್ನೇ ನಿಲ್ಲಿಸಿದರು. ಅದಾಗಿ ಮೂವತ್ತು ವರ್ಷದ ಮೇಲೆ ಅದೇ ದೇಶದ ಹುಡುಗಿಯರು ಕುಡಿತ, ಪ್ರೇಮ, ಬೇಸರ, ರಾತ್ರಿ ಮನೆಗೆ ನಡೆದು ಹೋಗುವುದು ಇವನ್ನೆಲ್ಲ ನಗುನಗುತ್ತಾ ಹಾಡಿಕೊಂಡು ಪ್ರಪಂಚ ಸುತ್ತಿದರು. ಆ ನಗುವಿನ ಹಿಂದೆ ಲಾಸ್ ವುಲ್ಪೆಸ್ ತೆತ್ತ ಬೆಲೆಯೂ ಇದೆ.

'ಗರ್ಲ್ ಬ್ಯಾಂಡ್' ಎಂದು ಕರೆಯಬಹುದಾ?

ಬೇಡ. ನಾಲ್ಕು ಗಂಡಸರ ಬ್ಯಾಂಡನ್ನು ಯಾರೂ 'ಗಂಡಸರ ಬ್ಯಾಂಡ್' ಎನ್ನುವುದಿಲ್ಲ. ಹುಡುಗಿಯರಾಗಿ ಬ್ಯಾಂಡಿನಲ್ಲಿರುವುದು ಹೇಗನಿಸುತ್ತದೆ ಎಂಬ ಪ್ರಶ್ನೆ ಇವರಿಗೆ ಎಲ್ಲ ಊರಲ್ಲೂ ಎದುರಾಗಿದೆ. ವರ್ಷಗಟ್ಟಲೆ ಕೇಳಿದ ಇಂಥ ಮಾತುಗಳನ್ನೆಲ್ಲ ಜೋಡಿಸಿ 'ಜಸ್ಟ್ ಲೈಕ್ ಕಿಡ್ಸ್' ಎಂಬ ಹಾಡನ್ನೇ ಮಾಡಿದರು. ಸರಿಯಾಗಿ ನುಡಿಸಲು ಬರುವುದಿಲ್ಲ, ಅದೃಷ್ಟ ಚೆನ್ನಾಗಿದೆ ಎನ್ನುವ ಧಾಟಿಯ ಮಾತುಗಳು.

ನನಗೂ ಇದರ ಒಂದು ಚೂರು ಗೊತ್ತಿದೆ. ಗೆಳತಿಯ ಜೊತೆ ಮೊದಲ ಗಿಟಾರ್ ಕೊಳ್ಳಲು ಅಂಗಡಿಗೆ ಹೋದಾಗ ಅಂಗಡಿಯವರು ಕೇಳಿದ ಮೊದಲ ಮಾತು, 'ಅಣ್ಣನಿಗಾ ಮೇಡಂ? ಅವರನ್ನೇ ಕರ್ಕೊಂಡು ಬರಬಹುದಿತ್ತಲ್ಲ'. ನನಗೇ ಎಂದೆ. ಕೈಗೆ ಕೊಟ್ಟರು, ಆದರೆ ಟ್ಯೂನ್ ಮಾಡಲು ಮಾತ್ರ ಬಿಡಲಿಲ್ಲ, 'ತಂತಿ ಕಟ್ ಆಗತ್ತೆ, ಕೊಡಿ ಇಲ್ಲಿ' ಎಂದು ಕಿತ್ತುಕೊಂಡರು. ಆ ದಿನ ಹಾಸ್ಟೆಲ್‌ಗೆ ಬಂದು ಒಂದೇ ಇಯರ್‌ಫೋನಿನ ಎಡ ತುದಿ ನಾನು, ಬಲ ತುದಿ ಅವಳು ಹಾಕಿಕೊಂಡು ಹೈಂಡ್ಸ್ ಕೇಳಿದೆವು. ಮುಗಿದ ಮೇಲೆ ಮಾತಾಡಿದರೆ, ನಾನು ಕೇಳಿದ ಗಿಟಾರ್ ಅವಳಿಗೆ ಅಷ್ಟಾಗಿ ಕೇಳಿಸಿರಲಿಲ್ಲ, ಅವಳು ಕೇಳಿದ್ದು ನನಗೆ. ಒಂದು ಗಿಟಾರನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಹೆಚ್ಚು ತಳ್ಳಿ ಮಿಕ್ಸ್ ಮಾಡುತ್ತಾರೆ ಎಂದು ನಾವು ಕಲಿತದ್ದು ಹಾಗೆ. ತುದಿ ಬದಲಾಯಿಸಿಕೊಂಡು ಮತ್ತೆ ಕೇಳಿದೆವು.

ಇದೇ ಬಗೆಯ ಬೇರೆ ಬ್ಯಾಂಡ್‌ಗಳು ಯಾವುವು?

ಇಬ್ಬರು ಗೆಳತಿಯರು ಮುಂದೆ ನಿಂತ ಬ್ಯಾಂಡ್‌ಗಳಲ್ಲಿ ಮೊದಲು ಕೇಳಬೇಕಾದದ್ದು ಸ್ಲೀಟರ್-ಕಿನ್ನಿ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಒಲಿಂಪಿಯಾದಲ್ಲಿ 1994ರಲ್ಲಿ ಕಾರಿನ್ ಟಕರ್, ಕ್ಯಾರಿ ಬ್ರೌನ್‌ಸ್ಟೀನ್ ಕಟ್ಟಿದ್ದು, ಹೆಸರು ಅಲ್ಲಿಯ ಒಂದು ರಸ್ತೆಯದ್ದು. ಬೇಸ್ ಗಿಟಾರ್ ಇಲ್ಲವೇ ಇಲ್ಲ, ಎರಡು ಗಿಟಾರ್‌ಗಳೇ ಒಂದನ್ನೊಂದು ಕೆಣಕುತ್ತಾ ಹೋಗುತ್ತವೆ. ಹೈಂಡ್ಸ್‌ಗಿಂತ ಬಹಳ ಕಟು, ಸಿಟ್ಟಿನ ಸಂಗೀತ.

ಲಾಸ್ ಏಂಜಲೀಸ್‌ನ ಡೀಪ್ ವ್ಯಾಲಿ ಬ್ಯಾಂಡಿನ ಇಬ್ಬರಿಗೆ ಪರಿಚಯವಾದದ್ದು ಹೆಣಿಗೆ ಕಲಿಸುವ ಅಂಗಡಿಯಲ್ಲಿ, ಒಬ್ಬಳು ಕಲಿಸುವವಳು, ಇನ್ನೊಬ್ಬಳು ಕಲಿಯಲು ಬಂದವಳು. ಒಂದು ಗಿಟಾರ್, ಒಂದು ಡ್ರಮ್ಸ್, ಅಷ್ಟರಲ್ಲೇ ಗೋಡೆ ಅದುರುವ ಸದ್ದು. ಬ್ರಿಟನ್ನಿನ ಐಲ್ ಆಫ್ ವೈಟ್ ದ್ವೀಪದ ವೆಟ್ ಲೆಗ್ ಇವರೆಲ್ಲರಿಗಿಂತ ಹೆಚ್ಚು ಜನಪ್ರಿಯ. ರಿಯಾನ್ ಟೀಸ್‌ಡೇಲ್, ಹೆಸ್ಟರ್ ಚೇಂಬರ್ಸ್ ಎಂಬ ಕಾಲೇಜು ಗೆಳತಿಯರ ಮೊದಲ ಆಲ್ಬಮ್ 2022ರಲ್ಲಿ ಬಂತು, 2023ರಲ್ಲಿ ಎರಡು ಗ್ರಾಮಿ ಪ್ರಶಸ್ತಿ ತಂದಿತು.

ಕೇಳಲು ಎಲ್ಲಿಂದ ಶುರು ಮಾಡಲಿ?

'ಗಾರ್ಡನ್', ಮೊದಲ ಆಲ್ಬಮ್ಮಿನ ಮೊದಲ ಹಾಡು. ಇಷ್ಟವಾಗದಿದ್ದರೆ ಬಿಟ್ಟು ಎರಡನೇ ಆಲ್ಬಮ್ಮಿನ 'ನ್ಯೂ ಫಾರ್ ಯೂ'. ಅದೂ ಹಿಡಿಸದಿದ್ದರೆ ನೇರ 'ವಿವಾ ಹೈಂಡ್ಸ್'ಗೆ ಬನ್ನಿ. ಫೋನಿನ ಸ್ಪೀಕರ್‌ನಲ್ಲಿ ಮಾತ್ರ ಕೇಳಬೇಡಿ, ಎರಡು ಗಿಟಾರ್ ಒಂದೇ ಮುದ್ದೆಯಾಗಿಬಿಡುತ್ತವೆ.

ನಾವಿಬ್ಬರು ಗೆಳತಿಯರು. ಗಿಟಾರ್ ಈಗಷ್ಟೇ ಕಲಿಯುತ್ತಿದ್ದೇವೆ. ಬ್ಯಾಂಡ್ ಮಾಡಬಹುದಾ?

ಮಾಡಿ. ಕಲಿತು ಮುಗಿಸಿದ ಮೇಲೆ ಎಂದು ಮುಂದೂಡಬೇಡಿ. ಜಿ, ಸಿ, ಡಿ ಕಾರ್ಡ್‌ಗಳು ಬೆರಳಿಗೆ ಹತ್ತಿದರೆ ಒಂದು ಹಾಡಿಗೆ ಸಾಕು. ಇಬ್ಬರೂ ಒಂದೇ ಕಾರ್ಡನ್ನು ಒಂದೇ ರೀತಿ ಬಾರಿಸಬೇಡಿ. ಒಬ್ಬಳು ಕಾರ್ಡ್ ಹಿಡಿದರೆ ಇನ್ನೊಬ್ಬಳು ಎರಡು ತೆಳು ತಂತಿಯಲ್ಲಿ ನಾಲ್ಕೈದು ಸ್ವರದ ಚಿಕ್ಕ ತುಣುಕು ನುಡಿಸಲಿ. ಹಾಡುವಾಗ ಮೊದಲು ಒಂದು ಸಾಲನ್ನು ಇಬ್ಬರೂ ಒಂದೇ ಸ್ವರದಲ್ಲಿ ಹೇಳಿ. ಆಮೇಲೆ ಸಾಲನ್ನು ಅರ್ಧರ್ಧ ಹಂಚಿಕೊಳ್ಳಿ. ಎರಡನೆಯವಳು ಒಂದು ಮಾತ್ರೆ ಮುಂಚೆಯೇ ಒಳಗೆ ಬರಲಿ, ಮೊದಲನೆಯವಳು ಆಗಲೂ ನಿಲ್ಲಿಸದಿರಲಿ. ಮೊದಲ ದಿನ ಬರೀ ಗೊಂದಲ ಅನಿಸುತ್ತದೆ. ವಾರದಲ್ಲಿ ಯಾರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಎಂದು ಇಬ್ಬರಿಗೂ ಗೊತ್ತಾಗುತ್ತದೆ.

ಕನ್ನಡದಲ್ಲಿ ಬರೆಯುವುದಾದರೆ ಒಂದು ಮಾತು ನೆನಪಿರಲಿ. ನಮ್ಮ ಪದಗಳು ಬಹುತೇಕ ಅ, ಇ, ಉ, ಎಗಳಂಥ ಸ್ವರಾಕ್ಷರದಲ್ಲಿ ಮುಗಿಯುತ್ತವೆ. ಕೊನೆಯ ಸ್ವರವನ್ನು ಒಬ್ಬಳು ಎಳೆದು ಹಿಡಿದಿರುವಾಗ ಅದರ ಮೇಲೆ ಇನ್ನೊಬ್ಬಳು ಮುಂದಿನ ಸಾಲು ಶುರು ಮಾಡಬಹುದು. ಇಂಗ್ಲಿಷಿಗಿಂತ ಇದು ನಮಗೆ ಸಲೀಸು.

ಡ್ರಮ್ಮರ್ ಸಿಕ್ಕಿಲ್ಲ. ಏನು ಮಾಡುವುದು?

ಇಬ್ಬರೇ ಶುರು ಮಾಡಿ, ಕಾರ್ಲೊಟಾ ಮತ್ತು ಆನಾ ಶುರು ಮಾಡಿದ್ದೂ ಹಾಗೆಯೇ. ಟಕ್ ಟಕ್ ಎಂದು ತಾಳ ಹಾಕುವ ಮೆಟ್ರೊನೋಮ್ ಆ್ಯಪ್ ಹಾಕಿಕೊಂಡು ವಾರಕ್ಕೆರಡು ದಿನ ನುಡಿಸಿ. ಆಮೇಲೆ ಅದನ್ನು ಆರಿಸಿ, ಕಾಲಿನಲ್ಲಿ ತಾಳ ಹಾಕಿಕೊಂಡು ಮತ್ತೊಮ್ಮೆ ನುಡಿಸಿ. ವೇಗ ಎಲ್ಲಿ ಜಾರುತ್ತದೆ ಎಂದು ಗಮನಿಸಿ. ಇಬ್ಬರೂ ಒಟ್ಟಿಗೆ ಜಾರಿದರೆ ಹಾಗೇ ಬಿಡಿ, ಹಾಡಿಗೆ ಅದು ಬೇಕಿರಬಹುದು. ಫೋನನ್ನು ಮಂಚದ ಮೇಲೆ ದಿಂಬಿಗೆ ಒರಗಿಸಿಟ್ಟು, ನಾಲ್ಕು ಅಡಿ ದೂರ ಕೂತು ರೆಕಾರ್ಡ್ ಒತ್ತಿ. ಫ್ಯಾನ್ ಆರಿಸುವುದು ಮರೆಯಬೇಡಿ.